ಕಾಪಿಯ ನೊರೆಗೆ ‘ಲ್ಯಾದರ್’ ಅನ್ನಬಹುದೇ?

ಈ ಸಲ ಬಂದ ಪತ್ರಗಳಲ್ಲಿ ಮೊದಲನೆಯದು ನೊರೆಯ ಬಗ್ಗೆ ಇತ್ತು. ಪೆಟ್ಟಿಗೆಯಲ್ಲಿ ಹುಡುಕಿದರೆ ಅದೇ ವಿಷಯದ ಹಳೇ ಪತ್ರಗಳೂ ಸಿಕ್ಕಿದವು. ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಇಂಗ್ಲಿಷ್ ಪರೀಕ್ಷೆಯಲ್ಲಿ ‘ಫ್ರಾತ್’ ಪದಕ್ಕೆ ಅದೇ ಅರ್ಥದ ಇನ್ನೊಂದು ಪದ ಬರೆದು ವಾಕ್ಯ ಮಾಡಿ ಎಂದು ಕೇಳಿದ್ದರು. ಅವಳು ‘ಲ್ಯಾದರ್’ ಎಂದು ಬರೆದು, ಅಮ್ಮ ಮಾಡಿದ ಕಾಪಿಯ ಮೇಲೆ ದಪ್ಪ ಲ್ಯಾದರ್ ಇತ್ತು ಅನ್ನುವ ವಾಕ್ಯ ಮಾಡಿದಳು. ಸೊನ್ನೆ ಬಂತು. ಮನೆಯಲ್ಲಿರುವ ನಿಘಂಟಿನಲ್ಲಿ ಫೋಮ್, ಫ್ರಾತ್, ಲ್ಯಾದರ್, ಸಡ್ಸ್ ನಾಲ್ಕಕ್ಕೂ ‘ನೊರೆ’ ಅಂತಲೇ ಇದೆ. ಹಾಗಾದರೆ ತಪ್ಪಾದದ್ದು ಎಲ್ಲಿ?
— ಕುಂದಾಪುರದ ಓದುಗರು

ಉತ್ತರ: ಲ್ಯಾದರ್ ಅಂದರೆ ನೊರೆ ಹೌದು, ಆದರೆ ಅದು ಸೋಪಿನ ನೊರೆ. ಇಂಗ್ಲಿಷ್ ಬಲ್ಲವರು ನಿಮ್ಮ ಮಗಳ ವಾಕ್ಯ ಓದಿದರೆ, ಲೋಟವನ್ನು ಸರಿಯಾಗಿ ತೊಳೆಯದೆ ಅದರಲ್ಲೇ ಕಾಪಿ ಹೊಯ್ದು ಕೊಟ್ಟರೇನೋ ಅಂದುಕೊಳ್ಳುತ್ತಾರೆ. ಆದರೂ ಸೊನ್ನೆ ಕೊಟ್ಟದ್ದು ನನಗೆ ಸರಿ ಕಾಣಲಿಲ್ಲ. ಪದ ಅವಳಿಗೆ ಗೊತ್ತಿತ್ತು. ಆ ಪದವನ್ನು ಎಲ್ಲಿ ಬಳಸಬೇಕು ಅನ್ನುವುದು ನಿಘಂಟಿನಲ್ಲಿ ಸಿಗುವುದಿಲ್ಲ, ಯಾರಾದರೂ ಕೂತು ಹೇಳಿಕೊಡಬೇಕು. ಆ ಕೆಲಸವನ್ನು ಇಲ್ಲಿ ಮಾಡುತ್ತೇನೆ, ಮಗಳಿಗೆ ಓದಿಸಿ.

ಫೋಮ್ ಅನ್ನುವುದು ಎಲ್ಲ ನೊರೆಗೂ ಸಲ್ಲುವ ಪದ. ಕಡಲ ನೊರೆ, ಕಾಪಿಯ ನೊರೆ, ಗಡ್ಡ ಬೋಳಿಸುವ ಮೊದಲು ಕೆನ್ನೆಗೆ ಹಚ್ಚುವ ನೊರೆ, ಎಲ್ಲಕ್ಕೂ ನಡೆಯುತ್ತದೆ. ಸಂಶಯ ಬಂದರೆ ಇದನ್ನೇ ಬರೆಯಲಿ. ಫ್ರಾತ್ ಅಂದರೆ ಹಗುರವಾದ ನೊರೆ. ಗುಳ್ಳೆ ಸ್ವಲ್ಪ ದೊಡ್ಡದು, ನೋಡನೋಡುತ್ತ ಇಳಿದುಹೋಗುವಂಥದ್ದು. ನಮ್ಮ ಹೋಟೆಲುಗಳಲ್ಲಿ ಲೋಟದಿಂದ ಲೋಟಕ್ಕೆ ಮೇಲಿಂದ ಎತ್ತಿ ಹೊಯ್ದು ಕೊಡುವ ಚಾ ಇದೆಯಲ್ಲ, ಅದರ ಮೇಲೆ ನಿಲ್ಲುವುದು ಫ್ರಾತ್. ಎತ್ತರದಿಂದ ಬೀಳುವಾಗ ಗಾಳಿ ಒಳಗೆ ಸೇರುತ್ತದೆ, ಹಾಲಿನ ಪ್ರೋಟೀನ್ ಆ ಗಾಳಿಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಮೂರ್ತೆಯವರು ಮರದಿಂದ ಇಳಿಸಿದ ಕಳ್ಳು ಹುಳಿ ಬರುತ್ತ ಮಡಕೆಯ ಬಾಯಿಗೆ ಬಿಳಿಯಾಗಿ ಏರುತ್ತದಲ್ಲ, ಅದೂ ಫ್ರಾತ್.

ಲ್ಯಾದರ್ ಹಾಗಲ್ಲ. ಅದು ಹೆಚ್ಚಾಗಿ ಸೋಪನ್ನು ನೀರಿನಲ್ಲಿ ಉಜ್ಜಿ ಎಬ್ಬಿಸುವ ನೊರೆ. ಅದರೊಳಗೆ ಉಜ್ಜುವ ಕೈ ಇದೆ ಅಂತ ನೆನಪಿಟ್ಟುಕೊಂಡರೆ ಸಾಕು. ಸೋಪಿಲ್ಲದೆ ಲ್ಯಾದರ್ ಅನ್ನುವ ಒಂದು ಸಂದರ್ಭವೂ ಇದೆ: ಓಡಿ ಓಡಿ ಬೆವರಿದ ಕುದುರೆಯ ಮೈಮೇಲೆ ಏಳುವ ಬಿಳಿ ನೊರೆ. ಕುದುರೆಯ ಬೆವರಿನಲ್ಲಿ ಸೋಪಿನ ಹಾಗೆಯೇ ಕೆಲಸ ಮಾಡುವ ಒಂದು ಪ್ರೋಟೀನ್ ಇದೆ, ವಿಜ್ಞಾನಿಗಳು ಅದಕ್ಕೆ ಲ್ಯಾದರಿನ್ ಎಂದೇ ಹೆಸರಿಟ್ಟಿದ್ದಾರೆ. ಹಾಗಾಗಿ ಮನುಷ್ಯ ಸಿಟ್ಟಿನಿಂದಲೋ ಗಾಬರಿಯಿಂದಲೋ ಕುದಿಯುತ್ತಿದ್ದರೂ ಇಂಗ್ಲಿಷಿನಲ್ಲಿ ಅವನು ಲ್ಯಾದರಿನಲ್ಲಿದ್ದಾನೆ ಅನ್ನುತ್ತಾರೆ.

ಸಡ್ಸ್ ಅಂದರೆ ನೊರೆ ತುಂಬಿದ ಸೋಪಿನ ನೀರು, ಬಟ್ಟೆ ನೆನೆಸಿದ ಬಕೆಟಿನಲ್ಲಿ ಇರುತ್ತದಲ್ಲ, ಅದು. ಯಾವಾಗಲೂ ಬಹುವಚನದಲ್ಲೇ ಬರೆಯಬೇಕು. ಬಿಯರಿನ ಮೇಲೆ ನಿಲ್ಲುವ ನೊರೆಗೆ ಹೆಡ್. ಸ್ಪ್ಯೂಮ್ ಕಡಲ ನೊರೆಗೆ ಕವಿಗಳು ಬಳಸುವ ಪದ, ಪರೀಕ್ಷೆಗೆ ಬೇಡ. ಸ್ಕಮ್ ಮಾತ್ರ ನೋಡಿ ಬಳಸಬೇಕು. ತೊಗರಿಬೇಳೆ ಬೇಯುವಾಗ ಮೇಲೆ ಬಂದು ನಿಲ್ಲುವ ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತೇವಲ್ಲ, ಬೇಡದ ಆ ನೊರೆಗೆ ಸ್ಕಮ್. ಕೆರೆಯ ಮೇಲಿನ ಪಾಚಿಗೂ ಅದೇ ಪದ, ಬಚ್ಚಲಿನ ಗೋಡೆಗೆ ಅಂಟುವ ಸೋಪಿನ ಜಿಡ್ಡಿಗೂ ಅದೇ. ಜನರನ್ನು ಹಾಗೆ ಕರೆದರೆ ಕೆಟ್ಟ ಬೈಗುಳ.

ಈಗ ನಮ್ಮ ಭಾಷೆಯ ಕಡೆ ಬನ್ನಿ. ಇಂಗ್ಲಿಷಿನಲ್ಲಿ ಇಷ್ಟು ಪದ ಇದ್ದು ಕನ್ನಡದಲ್ಲಿ ಒಂದೇ ನೊರೆ, ನಮ್ಮ ಭಾಷೆ ಬಡವ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಂಗ್ಲಿಷ್ ಹೆಸರಿನಲ್ಲಿ ಹೇಳುವುದನ್ನು ಕನ್ನಡ ಕ್ರಿಯಾಪದದಲ್ಲಿ ಹೇಳುತ್ತದೆ, ಅಷ್ಟೇ. ಸೋಪಿಗೆ ನೊರೆ ಬರುತ್ತದೆ. ಹಾಲು ಕರೆಯುವಾಗ ಚೆಂಬಿನಲ್ಲಿ ನೊರೆ ಏಳುತ್ತದೆ. ಒಲೆಯ ಮೇಲಿಟ್ಟು ಮರೆತರೆ ನೊರೆ ಉಕ್ಕುತ್ತದೆ. ಅಣೆಕಟ್ಟಿನ ಕೆಳಗೆ, ಬಂಡೆಯ ಮರೆಯಲ್ಲಿ, ನೀರು ಸುತ್ತುವ ಕಡೆ ನೊರೆ ಕಟ್ಟುತ್ತದೆ. ಕಂಬಳದ ಗದ್ದೆಯ ಕೊನೆ ಮುಟ್ಟಿದ ಕೋಣದ ಬಾಯಲ್ಲಿ ನೊರೆ ಸುರಿಯುತ್ತದೆ, ವಿಷ ಏರಿದವರು ನೊರೆ ಕಾರುತ್ತಾರೆ. ಅಡುಗೆಯವರು ನೊರೆ ತೆಗೆಯುತ್ತಾರೆ. ಕೊನೆಗೆ ನೊರೆ ಇಳಿಯುತ್ತದೆ, ಒಡೆಯುತ್ತದೆ, ಆರುತ್ತದೆ. ‘ನೊರೆ ಕಾರಿತು’ ಅಂದ ಕೂಡಲೇ ಅದು ಚಾದ ನೊರೆ ಅಲ್ಲ ಅಂತ ಯಾವ ಕನ್ನಡಿಗನಿಗೂ ಹೇಳಿಕೊಡಬೇಕಾಗಿಲ್ಲ.

ಹೆಸರುಗಳೂ ಇಲ್ಲದೆ ಇಲ್ಲ. ನೊರೆಹಾಲು ಅಂತ ಒಂದು ಪದ ಇದೆ, ಆಗ ತಾನೇ ಕರೆದ, ಇನ್ನೂ ಬೆಚ್ಚಗಿರುವ, ಮೇಲೆ ನೊರೆ ನಿಂತಿರುವ ಹಾಲು. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಅರ್ಧ ವಾಕ್ಯ ಬೇಕು. ಹಟ್ಟಿಯಿಂದ ಅಜ್ಜಿ ತರುತ್ತಿದ್ದ ಚೆಂಬಿನಿಂದ ನೇರ ಕುಡಿದು ಮೇಲ್ತುಟಿಗೆ ಬಿಳಿ ಮೀಸೆ ಮಾಡಿಕೊಂಡವರಿಗೆ ಆ ಪದ ಎಷ್ಟು ತುಂಬಿದ್ದು ಅಂತ ಗೊತ್ತಿರುತ್ತದೆ. (ಈಗ ಮಾತ್ರ ಹಾಲು ಕುದಿಸಿಯೇ ಕುಡಿಯಿರಿ, ಹಸಿ ಹಾಲಿನಿಂದ ಕಾಯಿಲೆ ಬರಬಹುದು.) ನೊರೆಗೂ ಕೆನೆಗೂ ಗೊಂದಲ ಮಾಡಿಕೊಳ್ಳಬಾರದು. ನೊರೆ ಗಾಳಿಯಿಂದ ಆಗುವುದು, ಕೆನೆ ಹಾಲಿನ ಕೊಬ್ಬು.

ಮಗಳಿಗೆ ಇಷ್ಟು ಹೇಳಿ: ಇಂಗ್ಲಿಷ್ ಪದ ಹುಡುಕುವ ಮೊದಲು ಕನ್ನಡ ವಾಕ್ಯವನ್ನು ಪೂರ್ತಿ ಹೇಳಿಕೊಂಡು ನೋಡಲಿ. ಉಜ್ಜಿ ನೊರೆ ಬರಿಸಿದ್ದಾದರೆ ಲ್ಯಾದರ್, ಮೇಲೆ ಎದ್ದು ನಿಂತದ್ದಾದರೆ ಫ್ರಾತ್, ತೆಗೆದು ಚೆಲ್ಲುವುದಾದರೆ ಸ್ಕಮ್. ಕ್ರಿಯಾಪದ ನೋಡಿ ಹೆಸರು ಆರಿಸಿದರೆ ತಪ್ಪುವುದು ಕಡಿಮೆ.

ಪ್ರಶ್ನೆ: ಜೂನ್ ಕೊನೆಗೆ ಸುರತ್ಕಲ್ ಕಡೆ ಕಡಲ ತೀರಕ್ಕೆ ಹೋಗಿದ್ದೆವು. ಮರಳಿನ ಮೇಲೆಲ್ಲ ಸೋಪು ಕದಡಿದ ಹಾಗೆ ನೊರೆ. ಮಕ್ಕಳು ಕೈಯಲ್ಲಿ ಎತ್ತಿ ಆಡಿದರು. ಯಾರೋ ಬಂದು ಅದು ಫ್ಯಾಕ್ಟರಿಯ ಕೆಮಿಕಲ್ ಅಂದರು. ಹೌದೇ?
— ಮೂಲ್ಕಿಯ ಓದುಗರು

ಉತ್ತರ: ಮಳೆಗಾಲದಲ್ಲಿ ಮಲ್ಪೆಯಿಂದ ಪಣಂಬೂರಿನವರೆಗೆ, ಆಚೆ ಮರವಂತೆಯಲ್ಲೂ ಇಂಥ ನೊರೆ ಬರುತ್ತದೆ. ನೊರೆ ಕಂಡ ಮಾತ್ರಕ್ಕೆ ಕೆಮಿಕಲ್ ಅನ್ನಲಾಗದು.

ಶುದ್ಧ ನೀರನ್ನು ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ. ಗುಳ್ಳೆ ಎದ್ದ ಕೂಡಲೇ ಒಡೆಯುತ್ತದೆ. ಗುಳ್ಳೆಯ ಸಿಪ್ಪೆಗೆ ಬಲ ಕೊಡಲು ನೀರಿನಲ್ಲಿ ಇನ್ನೇನಾದರೂ ಬೇಕು. ಕಡಲಿನಲ್ಲಿ ಆ ಕೆಲಸ ಮಾಡುವುದು ಸತ್ತು ಕೊಳೆತ ಪಾಚಿ ಮತ್ತು ಸಣ್ಣ ಜೀವಿಗಳಿಂದ ಬಿಟ್ಟುಬಂದ ಪ್ರೋಟೀನು, ಕೊಬ್ಬು ಇಂಥವು. ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಸೀತಾ, ಸ್ವರ್ಣಾ ಎಲ್ಲ ಕೆಂಪಗೆ ತುಂಬಿ ಹರಿಯುತ್ತವೆ, ಕಾಡಿನ ಕೊಳೆತ ಎಲೆ, ಗದ್ದೆಯ ಮಣ್ಣು ಎಲ್ಲವನ್ನೂ ಹೊತ್ತು ತಂದು ಕಡಲಿಗೆ ಹಾಕುತ್ತವೆ. ಮೇಲಿಂದ ಗಾಳಿ ಜೋರು, ಅಲೆ ಎತ್ತರ. ಇಡೀ ಕಡಲನ್ನು ಕಡಗೋಲು ಹಾಕಿ ಕಡೆದ ಹಾಗೆ ಆಗುತ್ತದೆ. ಏಳದೆ ಇನ್ನೇನಾಗುತ್ತದೆ ನೊರೆ?

ಆದರೆ ಎಲ್ಲ ನೊರೆಯನ್ನೂ ನಂಬಬೇಡಿ. ತೋಡೋ ಚರಂಡಿಯೋ ಕಡಲಿಗೆ ಸೇರುವ ಬಾಯಿಯ ಹತ್ತಿರ ಇದ್ದರೆ, ನಾರುತ್ತಿದ್ದರೆ, ಕೆಂಪು ಹಸಿರು ಬಣ್ಣ ಇದ್ದರೆ, ಮುಟ್ಟಿದ ಮೇಲೆ ಮೈ ತುರಿಸಿದರೆ ಮಕ್ಕಳನ್ನು ದೂರ ಇಡಿ, ಮನೆಗೆ ಬಂದು ಸ್ನಾನ ಮಾಡಿಸಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಕೊಳಚೆ ನೀರು ಮತ್ತು ಬಟ್ಟೆ ತೊಳೆಯುವ ಪುಡಿಗಳಿಂದ ಆದದ್ದು. 2015ರಲ್ಲಿ ಆ ನೊರೆಗೆ ಬೆಂಕಿಯೇ ಹತ್ತಿಕೊಂಡಿತ್ತು. ಅದಕ್ಕೂ ನಮ್ಮ ಮಳೆಗಾಲದ ಕಡಲ ನೊರೆಗೂ ತುಂಬ ವ್ಯತ್ಯಾಸ ಇದೆ.

ನನಗೆ ಕೆಮಿಕಲ್‌ಗಿಂತ ಜಾಸ್ತಿ ಹೆದರಿಕೆ ಆಗುವುದು ಬೇರೆ ಕಾರಣಕ್ಕೆ. ನೊರೆ ಮುಚ್ಚಿದ ಕಡೆ ಕೆಳಗೆ ಏನಿದೆ ಕಾಣುವುದಿಲ್ಲ, ಕಲ್ಲೋ ಹೊಂಡವೋ ನೀರಿನ ಸೆಳೆತವೋ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ನೊರೆ ಹಿಡಿಯಲು ಅಂತ ಮಕ್ಕಳನ್ನು ಅಲೆಯ ಹತ್ತಿರ ಬಿಡಬೇಡಿ. ಅಲೆ ಬಿಟ್ಟುಹೋದ ನೊರೆ ಮೇಲೆ ಮರಳಿನಲ್ಲೂ ಬೇಕಾದಷ್ಟು ಸಿಗುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಬಂದ ಸೊಸೆ ಬಯಲುಸೀಮೆಯವಳು, ಸೋಪಿನ ನೊರೆಗೆ ‘ಬುರುಗು’ ಅನ್ನುತ್ತಾಳೆ. ಅದು ಕನ್ನಡವೇ? ತುಳುವಿನಲ್ಲಿ ನಾವು ‘ನುರೆ’ ಅನ್ನುತ್ತೇವೆ. ಸಂಸ್ಕೃತದ ‘ಫೇನ’ಕ್ಕೂ ಇಂಗ್ಲಿಷಿನ ‘ಫೋಮ್’ಗೂ ಸಂಬಂಧ ಇದೆಯೇ?
— ಪುತ್ತೂರಿನ ಓದುಗರು

ಉತ್ತರ: ಬುರುಗು ಒಳ್ಳೆಯ ಕನ್ನಡ ಪದ, ಸೊಸೆಯನ್ನು ತಿದ್ದಬೇಡಿ. ನೊರೆ ಅನ್ನುವುದು ದ್ರಾವಿಡ ಭಾಷೆಗಳಿಗೆ ಸೇರಿದ ಸ್ವತ್ತು: ತುಳುವಿನಲ್ಲಿ ನುರೆ, ತಮಿಳಿನಲ್ಲಿ ನುರೈ, ಮಲಯಾಳದಲ್ಲಿ ನುರ, ತೆಲುಗಿನಲ್ಲಿ ನುರುಗು.

ಫೇನದ ವಿಷಯದಲ್ಲಿ ನಿಮ್ಮ ಊಹೆ ಸರಿ. ಫೇನ, ಫೋಮ್, ಲ್ಯಾಟಿನ್ನಿನ ಸ್ಪೂಮ ಮೂರೂ ಒಂದೇ ಬೇರಿನವು. ಮೂಲದ ಪಕಾರ ಇಂಗ್ಲಿಷಿನಲ್ಲಿ ಫಕಾರ ಆಗುತ್ತದೆ, ಪಿತೃ ಅಲ್ಲಿ ಫಾದರ್ ಆದ ಹಾಗೆ, ಪಾದ ಫುಟ್ ಆದ ಹಾಗೆ. ಹಿಮ್ಮಡಿ ಉಜ್ಜಲು ಬಳಸುವ ತೂತು ತೂತಿನ ಹಗುರ ಕಲ್ಲಿಗೆ ಇಂಗ್ಲಿಷಿನಲ್ಲಿ ಪ್ಯೂಮಿಸ್ ಅನ್ನುತ್ತಾರಲ್ಲ, ಅದೂ ಇದೇ ಬಳಗಕ್ಕೆ ಸೇರಿದ್ದು. ಜ್ವಾಲಾಮುಖಿಯ ಕರಗಿದ ಕಲ್ಲು ನೊರೆಯಾಗಿರುವಾಗಲೇ ಗಟ್ಟಿಯಾದದ್ದು ಅದು. ನೀರಿನಲ್ಲಿ ತೇಲುತ್ತದೆ. ಫ್ರಾತ್ ಮಾತ್ರ ಬೇರೆ ದಾರಿಯಲ್ಲಿ, ಉತ್ತರದ ಕಡಲಿಗರಾದ ನಾರ್ಸ್ ಜನರ ಭಾಷೆಯಿಂದ ಇಂಗ್ಲಿಷಿಗೆ ಬಂತು.

ಕೊಂಕಣಿಯಲ್ಲಿ ನೊರೆಗೆ ಫೇಣ್ ಅನ್ನುತ್ತಾರೆ. ಗೋವೆಯ ಗೇರುಹಣ್ಣಿನ ಫೆನಿಗೆ ಆ ಹೆಸರು ಬಂದದ್ದು ಅದನ್ನು ಅಲುಗಿಸಿದಾಗ ಏಳುವ ನೊರೆಯಿಂದ ಅಂತ ಹೇಳುತ್ತಾರೆ.

ಇನ್ನೊಂದು ಪದ ನಿಮ್ಮ ಹತ್ತಿರವೇ ಇದೆ. ಮದ್ದಿನ ಅಂಗಡಿಯಲ್ಲಿ ‘ಸಮುದ್ರಫೇನ’ ಕೇಳಿದರೆ ಬಿಳಿ, ಹಗುರ, ಒಂದು ಕಡೆ ಪುಡಿಪುಡಿಯಾಗುವ ಉದ್ದನೆಯ ತುಂಡು ಕೊಡುತ್ತಾರೆ. ಕಡಲ ತೀರದಲ್ಲಿ ನಡೆದರೆ ಕಾಲಿಗೆ ಸಿಗುವುದೂ ಉಂಟು. ಅಲೆಯ ಜೊತೆ ತೇಲಿ ಬರುವುದನ್ನು ನೋಡಿ, ಕಡಲ ನೊರೆಯೇ ಗಟ್ಟಿಯಾದದ್ದು ಅಂತ ಹಿಂದಿನವರು ಅಂದುಕೊಂಡರು. ನಿಜವಾಗಿ ಅದು ಬೊಂಡಾಸ್ ಜಾತಿಯ ಕಡಲ ಜೀವಿಯ (ಇಂಗ್ಲಿಷಿನಲ್ಲಿ ಕಟಲ್‌ಫಿಶ್) ಬೆನ್ನೊಳಗಿನ ಚಿಪ್ಪು. ಒಳಗೆ ಸಣ್ಣ ಸಣ್ಣ ಗೂಡುಗಳಿದ್ದು ಅದರಲ್ಲಿ ಗಾಳಿ ಇರುವುದರಿಂದ ತೇಲುತ್ತದೆ. ಗಿಳಿ ಸಾಕಿದವರು ಸುಣ್ಣದಂಶಕ್ಕಾಗಿ ಪಂಜರದಲ್ಲಿ ಕಟ್ಟುತ್ತಾರೆ. ಜರ್ಮನರೂ ಹೀಗೇ ಮಾಡಿದ್ದಾರೆ. ಹೊಗೆಸೊಪ್ಪಿನ ಪೈಪು ಕೆತ್ತುವ ಒಂದು ಬಿಳಿ ಹಗುರ ಕಲ್ಲಿಗೆ ಅವರ ಹೆಸರು ಮೀರ್‌ಶೌಮ್, ಅಂದರೆ ಕಡಲ ನೊರೆ. ಅಷ್ಟು ದೂರದ ಎರಡು ಊರಿನ ಜನ ಬೇರೆ ಬೇರೆ ವಸ್ತು ನೋಡಿ ಒಂದೇ ಹೆಸರಿಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅಂದ ಹಾಗೆ, ಆ ಶೌಮ್ ಅನ್ನುವುದರ ತಂಗಿಯೇ ಇಂಗ್ಲಿಷಿನ ಸ್ಕಮ್. ಅಲ್ಲಿ ಬರೀ ನೊರೆಯಾಗಿ ಉಳಿದ ಪದ ಇಂಗ್ಲಿಷಿನಲ್ಲಿ ಕೊಳೆಯಾಯಿತು.

ಪ್ರಶ್ನೆ: ನಾನು ಆರನೇ ಕ್ಲಾಸ್. ಸೋಪು ಹಸಿರು, ಕೆಂಪು ಇದ್ದರೂ ನೊರೆ ಯಾಕೆ ಬಿಳಿ?
— ಮೂಡುಬಿದಿರೆಯಿಂದ

ಉತ್ತರ: ಒಳ್ಳೆಯ ಪ್ರಶ್ನೆ ಪುಟ್ಟಾ. ಗುಳ್ಳೆಯ ಸಿಪ್ಪೆ ತುಂಬ ತೆಳು. ಅದರಲ್ಲಿ ಇರುವ ಬಣ್ಣ ಕಣ್ಣಿಗೆ ಕಾಣದಷ್ಟು ಕಡಿಮೆ. ಆದರೆ ಸಾವಿರಾರು ಗುಳ್ಳೆ ಒಟ್ಟಿಗೆ ಇದ್ದಾಗ ಬಿದ್ದ ಬೆಳಕು ಒಂದರಿಂದ ಒಂದಕ್ಕೆ ಬಡಿದು ಎಲ್ಲ ದಿಕ್ಕಿಗೂ ಚದುರುತ್ತದೆ. ಎಲ್ಲ ಬಣ್ಣವೂ ಒಟ್ಟಿಗೆ ಕಣ್ಣಿಗೆ ಬಂದರೆ ಬಿಳಿ ಕಾಣುತ್ತದೆ. ಗಾಜು ಪುಡಿ ಮಾಡಿದರೆ ಬಿಳಿ ಕಾಣುವುದೂ ಇದೇ ಕಾರಣಕ್ಕೆ. (ಗಾಜು ಒಡೆದು ನೋಡಬೇಡ, ಸಕ್ಕರೆ ನೋಡು. ಕಲ್ಲುಸಕ್ಕರೆಯ ಮೂಲಕ ಬೆಳಕು ಹಾಯುತ್ತದೆ, ಪುಡಿ ಮಾಡಿದರೆ ಬಿಳಿ.)

ಪ್ರಶ್ನೆ: ನಮ್ಮ ಬಾವಿ ನೀರಿನಲ್ಲಿ ಮಳೆಗಾಲದಲ್ಲಿ ಸೋಪು ಚೆನ್ನಾಗಿ ನೊರೆ ಬರುತ್ತದೆ. ಏಪ್ರಿಲ್, ಮೇ ಬಂದರೆ ಎಷ್ಟು ಉಜ್ಜಿದರೂ ಇಲ್ಲ. ಸೋಪು ಕೆಟ್ಟದ್ದೇ?
— ಉಳ್ಳಾಲದ ಓದುಗರು

ಉತ್ತರ: ಸೋಪಿನ ತಪ್ಪಲ್ಲ. ಹೊಳೆ, ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಸಿಹಿನೀರು ಇಳಿದಾಗ ಉಪ್ಪುನೀರು ಒಳಗೆ ಸೇರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗುತ್ತವೆ. ಸೋಪೆಲ್ಲ ಜಿಡ್ಡಾಗಲು ಖರ್ಚಾದರೆ ನೊರೆಗೆ ಉಳಿಯುವುದೇನು? ಮಳೆ ಬಂದು ಬಾವಿ ತುಂಬಿದ ಮೇಲೆ ಸರಿಯಾಗುತ್ತದೆ. ಅಲ್ಲಿಯವರೆಗೆ ಬಟ್ಟೆಗೆ ಬಾರ್ ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬಳಸಿ. ಅಂಟುವಾಳ ಕಾಯಿಯೂ ಆಗುತ್ತದೆ, ಅದರ ನೊರೆಗೆ ಈ ತೊಂದರೆ ಕಡಿಮೆ. ಆ ನೀರನ್ನೇ ಕುಡಿಯುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ನೊರೆ ಕಡಿಮೆ ಅಂತ ಸೋಪು ಜಾಸ್ತಿ ಉಜ್ಜುತ್ತಾ ಇರಬೇಡಿ. ನೊರೆ ಎಷ್ಟು ಬಂತು ಅನ್ನುವುದಕ್ಕೂ ಕೊಳೆ ಎಷ್ಟು ಹೋಯಿತು ಅನ್ನುವುದಕ್ಕೂ ನೇರ ಲೆಕ್ಕ ಇಲ್ಲ. ದಾಸವಾಳದ ಸೊಪ್ಪಿನ ಗೊಂಪು ಹಾಕಿ ತಲೆ ಮೀಯುವ ಹೆಂಗಸರಿಗೆ ಇದು ಗೊತ್ತಿರುವ ವಿಷಯ. ಗೊಂಪಿನಲ್ಲಿ ನೊರೆ ಅಷ್ಟೇನೂ ಇಲ್ಲ, ಆದರೂ ಎಣ್ಣೆ ಹೋಗುತ್ತದೆ, ಕೂದಲು ಮೆತ್ತಗಾಗುತ್ತದೆ.

ಪ್ರಶ್ನೆ: ಹಾಸಿಗೆಯ ಫೋಮ್ ಕೂಡ ನೊರೆಯೇ? ಕನ್ನಡದಲ್ಲಿ ‘ನೊರೆ ಹಾಸಿಗೆ’ ಅನ್ನಬಹುದೇ?
— ಕಾರ್ಕಳದ ಓದುಗರು

ಉತ್ತರ: ನೊರೆಯೇ. ಪಾಲಿಯುರೆಥೇನ್ ಅನ್ನುವ ಪದಾರ್ಥವನ್ನು ದ್ರವವಾಗಿರುವಾಗ ಉಬ್ಬಿಸಿ, ಗುಳ್ಳೆ ಒಡೆಯುವ ಮೊದಲೇ ಗಟ್ಟಿಯಾಗಲು ಬಿಡುತ್ತಾರೆ. ಮಲ್ಪೆಯಲ್ಲಿ ಮಂಜುಗಡ್ಡೆ ಹಾಕಿ ಮೀನು ಕಳಿಸುವ ಥರ್ಮಾಕೋಲ್ ಪೆಟ್ಟಿಗೆಯೂ ಗಟ್ಟಿಯಾದ ನೊರೆ. ಅದರಲ್ಲಿ ಇರುವುದು ಹೆಚ್ಚಿನಂಶ ಬರೀ ಗಾಳಿ, ಹಾಗಾಗಿಯೇ ಹೊರಗಿನ ಸೆಕೆ ಒಳಗೆ ಹೋಗುವುದಿಲ್ಲ. ಆದರೆ ‘ನೊರೆ ಹಾಸಿಗೆ’ ಬೇಡ, ಕೇಳಿದವರಿಗೆ ಒದ್ದೆ ಹಾಸಿಗೆ ಅನ್ನಿಸುತ್ತದೆ. ಫೋಮ್ ಹಾಸಿಗೆ ಅಂತಲೇ ಎಲ್ಲರೂ ಅನ್ನುತ್ತಾರೆ, ಅದೇ ಇರಲಿ.

ಪ್ರಶ್ನೆ: ಪತ್ರಿಕೆಗೆ ಅನುವಾದ ಮಾಡುತ್ತೇನೆ. ಷೇರುಪೇಟೆಯಲ್ಲಿ ‘ಫ್ರಾತ್’ ಇದೆ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ‘ಪೇಟೆಯಲ್ಲಿ ನೊರೆ’ ಎಂದು ಬರೆಯಲೇ?
— ಮಣಿಪಾಲದ ಓದುಗರು

ಉತ್ತರ: ಬೇಡ. ಹಾಗೆ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕಂಪನಿಗಳ ಗಳಿಕೆಯಲ್ಲಿ ಬಲ ಇಲ್ಲದೆ ಬೆಲೆ ಮಾತ್ರ ಮೇಲೆ ಹೋಗಿದೆ ಅನ್ನುವುದು ಅಲ್ಲಿಯ ಅರ್ಥ. ಅದಕ್ಕೆ ನಮ್ಮಲ್ಲಿ ‘ಉಬ್ಬರ’ ಇದೆ. ಷೇರು ಬೆಲೆಯಲ್ಲಿ ಉಬ್ಬರ ಕಾಣುತ್ತಿದೆ ಅಂತ ಬರೆಯಿರಿ. ಉಬ್ಬರದ ಹಿಂದೆ ಇಳಿತ ಇದೆ ಅಂತ ನಮ್ಮ ಕಡಲ ಕರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಬಬಲ್’ ಬಂದರೆ ಮಾತ್ರ ‘ಗುಳ್ಳೆ’ ಅನ್ನಿ, ಯಾಕೆಂದರೆ ಅಲ್ಲಿ ಒಡೆಯುವುದು ಮುಖ್ಯ. ವಚನಗಳಲ್ಲಿ ಬರುವ ‘ನೀರ ಬೊಬ್ಬುಳಿಕೆ’ಯೂ ಅದೇ ಗುಳ್ಳೆ. ತಲೆಬರಹಕ್ಕೆ ಒಳ್ಳೆಯ ಪದ, ಒಮ್ಮೆ ಬಳಸಿ ನೋಡಿ.